ಅನೊರೆಕ್ಸಿಯಾಗೆ ಯಾವ ಥೆರಪಿ? ದಾವಣಗೆರೆ, ಚಿತ್ರದುರ್ಗದವರು ಆಯ್ಕೆ ಮಾಡುವ ಬಗೆ

ಊಟ ಬಿಡುತ್ತಾ ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಮಾನಸಿಕ ಕಾಯಿಲೆ ಅನೊರೆಕ್ಸಿಯಾ ನರ್ವೋಸಾ. ಕಾಯಿಲೆಗೆ ಈ ಹೆಸರು ಸಿಗುವಷ್ಟರಲ್ಲಿ ಮನೆಯವರು ಸಾಕಷ್ಟು ಓಡಾಡಿರುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ, ಹಸಿವಾಗುವ ಟಾನಿಕ್, ಎಂಡೋಸ್ಕೋಪಿ, ಥೈರಾಯ್ಡ್ ಪರೀಕ್ಷೆ, ಮುಟ್ಟು ನಿಂತಿದೆಯೆಂದು ಸ್ತ್ರೀರೋಗ ತಜ್ಞರು, ಎಲ್ಲ ಮುಗಿದ ಮೇಲೆ ಯಾರೋ ‘ಥೆರಪಿ ಕೊಡಿಸಿ’ ಅನ್ನುತ್ತಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಸಿಬಿಟಿ-ಇ, ಮ್ಯಾಂಟ್ರಾ, ಎಸ್‌ಎಸ್‌ಸಿಎಂ ಎಂದು ಸಾಲು ಸಾಲು ಹೆಸರು. ಯಾವುದು ಒಳ್ಳೆಯದು? ನಮ್ಮ ಊರಲ್ಲಿ ಯಾವುದು ಸಿಗುತ್ತದೆ? ಬೆಂಗಳೂರಿಗೇ ಹೋಗಬೇಕಾ? ಈ ಪ್ರಶ್ನೆಗಳಿಟ್ಟುಕೊಂಡು ಕೂತವರಿಗಾಗಿ ಈ ಬರಹ. 18 ದಾಟಿದವರ ಮಟ್ಟಿಗೆ ಮಾತ್ರ. ಹದಿಹರೆಯದವರಿಗೆ ಅಪ್ಪ ಅಮ್ಮನೇ ಊಟದ ಹೊಣೆ ಹೊರುವ ಕುಟುಂಬ ಚಿಕಿತ್ಸೆ ಮೊದಲ ಆಯ್ಕೆ, ಅದರ ದಾರಿ ಬೇರೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ವಯಸ್ಕರಲ್ಲಿ ಈ ಥೆರಪಿಗಳನ್ನು ಒಂದಕ್ಕೊಂದು ಎದುರಿಟ್ಟು ನೋಡಿದಾಗ ಯಾವುದೂ ಉಳಿದವನ್ನು ಸ್ಪಷ್ಟವಾಗಿ ಮೀರಿಸಿಲ್ಲ. ಆದ್ದರಿಂದ ‘ಅತ್ಯುತ್ತಮ’ವನ್ನು ಹುಡುಕುತ್ತಾ ಆರು ತಿಂಗಳು ಕಳೆಯುವುದು ದೊಡ್ಡ ನಷ್ಟ. ಕಾಯಿಲೆಯವರಿಗೆ ಒಗ್ಗುವ, ವಾರ ವಾರ ತಪ್ಪದೆ ನಡೆಸಬಲ್ಲ, ತೂಕವನ್ನೂ ರಕ್ತವನ್ನೂ ಯಾರೋ ನೋಡಿಕೊಳ್ಳುವಂಥ ಒಂದನ್ನು ಆರಿಸಿ, ಅದನ್ನು ಪೂರ್ತಿ ಮಾಡಬೇಕು.

ಮೊದಲು ದೇಹ ತಡೆಯುತ್ತದೆಯೇ ನೋಡಿ

ಹೊರರೋಗಿಯಾಗಿ ಥೆರಪಿ ಶುರುಮಾಡುವ ಮುಂಚೆ ಒಬ್ಬ ಫಿಜಿಷಿಯನ್ ನೋಡಲೇಬೇಕು. ತೂಕ, ಎತ್ತರ, ನಾಡಿ, ಮಲಗಿದಾಗ ಮತ್ತು ಎದ್ದು ನಿಂತಾಗ ಬಿಪಿ, ಇಸಿಜಿ. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್, ಕಿಡ್ನಿ, ಲಿವರ್, ಪೂರ್ತಿ ರಕ್ತಕಣ ಎಣಿಕೆ. ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಲ್ಯಾಬಿನ ಮಾಮೂಲಿ ಪ್ಯಾಕೇಜಿನಲ್ಲಿ ಇಲ್ಲದೆ ಇರಬಹುದು, ಹೆಸರು ಹೇಳಿ ಬರೆಸಿಕೊಳ್ಳಿ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೆಚ್ಚು ಊಟ ಬಿದ್ದಾಗ ಫಾಸ್ಫೇಟ್ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಐದಾರು ದಿನದಿಂದ ಹೆಚ್ಚುಕಡಿಮೆ ಏನೂ ತಿಂದಿಲ್ಲವೆಂದರೆ ‘ಇವತ್ತಿನಿಂದ ಹೊಟ್ಟೆ ತುಂಬ ತಿನ್ನಿಸ್ತೀವಿ’ ಎಂದು ಮನೆಯಲ್ಲೇ ಹೊರಡಬೇಡಿ. ಎಷ್ಟರಿಂದ ಶುರು, ಎಷ್ಟು ದಿನಕ್ಕೆ ಏರಿಕೆ, ಥಯಾಮಿನ್ (ವಿಟಮಿನ್ ಬಿ1) ಬೇಕೇ ಎಂಬುದನ್ನು ವೈದ್ಯರೇ ಹೇಳಲಿ.

ಕೆಳಗಿನ ಯಾವುದಾದರೂ ಇದ್ದರೆ ಥೆರಪಿಯ ಮಾತು ಆಮೇಲೆ, ಮೊದಲು ಆಸ್ಪತ್ರೆ: ಎಚ್ಚರವಿದ್ದು ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆ, ತಲೆಸುತ್ತಿ ಬೀಳುವುದು, ಎದೆನೋವು, ಕುಕ್ಕುರುಗಾಲಲ್ಲಿ ಕೂತವರಿಗೆ ಕೈ ಊರದೆ ಏಳಲಾಗದಿರುವುದು, ಸತತ ಎರಡು ವಾರ ವಾರಕ್ಕೆ 1 ಕಿಲೋಗಿಂತ ಹೆಚ್ಚು ಇಳಿಕೆ, ನೀರನ್ನೂ ಬಿಟ್ಟಿರುವುದು, ಮಾತಿನಲ್ಲಿ ಗೊಂದಲ, ಸಾಯುವ ಮಾತು. 108ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಬಾಯಿಗೆ ಬಂದಿದ್ದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ತೂಕ ಇನ್ನೂ ಅಷ್ಟೇನೂ ಇಳಿದಿಲ್ಲ ಎಂಬುದು ಸಮಾಧಾನದ ಮಾತಲ್ಲ. ಬೇಗ ಇಳಿದಿದ್ದರೆ, ವಾಂತಿ ಮಾಡಿಕೊಳ್ಳುತ್ತಿದ್ದರೆ ಅಥವಾ ಭೇದಿ ಮಾತ್ರೆ, ‘ಹೊಟ್ಟೆ ಕ್ಲೀನ್’ ಚೂರ್ಣ ನುಂಗುತ್ತಿದ್ದರೆ ನೋಡಲು ಸಾಧಾರಣ ಮೈಕಟ್ಟಿದ್ದರೂ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿದಿರಬಹುದು.

ನಾಲ್ಕು ಥೆರಪಿ, ಒಂದೇ ಬೆಣ್ಣೆ ದೋಸೆ

ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಕೊಟ್ಟ ಮಾರ್ಗಸೂಚಿ ವಯಸ್ಕರಿಗೆ ಮೂರು ಥೆರಪಿಗಳನ್ನು ಸಮಾನ ಸಾಲಿನಲ್ಲಿಡುತ್ತದೆ. ಆ ಮೂರೂ ಒಗ್ಗದಿದ್ದರೆ ಅಥವಾ ಫಲ ಕೊಡದಿದ್ದರೆ ನಾಲ್ಕನೆಯದು. ಹೆಸರು ಕೇಳಿ ಆರಿಸುವುದು ಕಷ್ಟ, ಒಂದು ಸಂಗತಿಯನ್ನಿಟ್ಟು ನೋಡಿ. ಕಾಯಿಲೆಯಲ್ಲಿರುವ ಯುವತಿಯನ್ನು ಗೆಳತಿಯರು ಬೆಣ್ಣೆ ದೋಸೆಗೆ ಕರೆಯುತ್ತಾರೆ. ಆಕೆ ‘ಹೊಟ್ಟೆ ಸರಿಯಿಲ್ಲ’ ಎಂದು ಹೋಗುವುದಿಲ್ಲ, ರಾತ್ರಿ ಊಟವನ್ನೂ ಬಿಡುತ್ತಾಳೆ.

ಸಿಬಿಟಿ-ಇ ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಸಂಗಡಿಗರು ಬೆಳೆಸಿದ್ದು, ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಥೆರಪಿಯನ್ನು ಊಟದ ಕಾಯಿಲೆಗಳಿಗೆ ಹೊಂದಿಸಿದ ರೂಪ. ತೂಕ ಕಡಿಮೆಯಿದ್ದವರಿಗೆ ಸುಮಾರು 40 ವಾರದಲ್ಲಿ 40 ಸೆಷನ್, ಶುರುವಿನಲ್ಲಿ ವಾರಕ್ಕೆ ಎರಡು. ಇಲ್ಲಿ ಆ ಸಂಜೆಯ ಲೆಕ್ಕ ಕಾಗದಕ್ಕೆ ಬರಬೇಕು: ಎಷ್ಟು ಗಂಟೆಗೆ ಏನು ತಿಂದೆ, ಏನು ಬಿಟ್ಟೆ, ಆಗ ತಲೆಯಲ್ಲಿ ಏನು ಓಡಿತು. ತಿಂದಾಗಲೇ ಬರೆಯಬೇಕು. ರಾತ್ರಿ ಕೂತು ನೆನಪಿನಿಂದ ತುಂಬಿದ ಹಾಳೆಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿರುತ್ತದೆ. ಮೂರು ಊಟ, ಎರಡು ಮೂರು ತಿಂಡಿ, ನಡುವೆ 4 ಗಂಟೆಗಿಂತ ಹೆಚ್ಚು ಖಾಲಿ ಬಿಡದಿರುವುದು ಎಂಬ ಚೌಕಟ್ಟು ಮೊದಲು ಬರುತ್ತದೆ. ಆಮೇಲೆ ‘ಎಣ್ಣೆ ಮುಟ್ಟಬಾರದು’, ‘ಏಳರ ಮೇಲೆ ತಿನ್ನಬಾರದು’ ಎಂಬ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಮನೆಯ ಕಾವಲಿಯಲ್ಲಿ ಒಂದು ಚಮಚ ಎಣ್ಣೆಯ ದೋಸೆ, ಆಮೇಲೆ ಬೆಣ್ಣೆ ಹಚ್ಚಿದ್ದು, ಕೊನೆಗೆ ಹೋಟೆಲ್ಲಿನಲ್ಲಿ ಗೆಳತಿಯರ ಜೊತೆ. ಸೆಷನ್ನಿನಲ್ಲಿ ಥೆರಪಿಸ್ಟ್ ಎದುರೇ ವಾರಕ್ಕೊಮ್ಮೆ ತೂಕ, ಇಬ್ಬರೂ ಸೇರಿ ಗ್ರಾಫ್ ಹಾಕುತ್ತಾರೆ. ತೂಕ ಏರಿಸುವ ಹಂತದಲ್ಲಿ ವಾರಕ್ಕೆ ಸುಮಾರು ಅರ್ಧ ಕಿಲೋ ಗುರಿ. ಬರೆಯುವ ಅಭ್ಯಾಸವಿದ್ದು, ಲೆಕ್ಕಾಚಾರದ ಹೋಂವರ್ಕ್ ಹಿಡಿಸುವವರಿಗೆ ಇದು ಒಗ್ಗುತ್ತದೆ. ವಾರಕ್ಕೆ ಎರಡು ಸಲ ಬರಲಾಗದವರಿಗೆ ಆರಂಭದಲ್ಲೇ ಕುಂಟುತ್ತದೆ.

ಮ್ಯಾಂಟ್ರಾ ಲಂಡನ್ನಿನ ಮೌಡ್ಸ್ಲಿಯಲ್ಲಿ ಉಲ್ರಿಕ ಶ್ಮಿಟ್, ಜಾನೆಟ್ ಟ್ರೆಷರ್ ಮೊದಲಾದವರು ವಯಸ್ಕರಿಗೆಂದೇ ರೂಪಿಸಿದ್ದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದರಿಂದ ಆ ಉಚ್ಚಾರ ಬಂದಿದೆ, ಜಪತಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯ ಹಿರಿಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿದರೆ ಗೊಂದಲ ತಪ್ಪುತ್ತದೆ. 20 ಸೆಷನ್, ಮೊದಲ 10 ವಾರ ವಾರ, ಉಳಿದವನ್ನು ಅನುಕೂಲ ನೋಡಿ ಹಂಚಿಕೊಳ್ಳಬಹುದು. ಸಮಸ್ಯೆ ಜಟಿಲವಿದ್ದರೆ ಇನ್ನೂ 10ರವರೆಗೆ. ಕಾಯಿಲೆಯನ್ನು ಹಿಡಿದಿಟ್ಟಿರುವುದು ನಾಲ್ಕು ಎಳೆ ಎಂದು ಇದು ನೋಡುತ್ತದೆ: ಬಗ್ಗದ, ಅಚ್ಚುಕಟ್ಟಿಗೆ ಅಂಟಿದ ಯೋಚನೆ, ಭಾವನೆಗಳನ್ನು ನುಂಗಿಕೊಳ್ಳುವ ರೂಢಿ, ಕಾಯಿಲೆಯಿಂದ ತನಗೆ ಏನೋ ರಕ್ಷಣೆಯಿದೆ ಎಂಬ ನಂಬಿಕೆ, ಮನೆಯವರು ಪ್ರತಿಕ್ರಿಯಿಸುವ ರೀತಿ. ದೋಸೆಯ ಸಂಜೆಯನ್ನು ಇಲ್ಲಿ ‘ಹೋಗದೇ ಇದ್ದದ್ದು ನಿನ್ನನ್ನು ಯಾವುದರಿಂದ ಕಾಪಾಡಿತು?’ ಎಂದು ಕೇಳುತ್ತಾರೆ. ಅನೊರೆಕ್ಸಿಯಾಕ್ಕೆ ಗೆಳತಿ ಎಂದುಕೊಂಡು ಒಂದು ಪತ್ರ, ಶತ್ರು ಎಂದುಕೊಂಡು ಇನ್ನೊಂದು ಬರೆಸುತ್ತಾರೆ. ಥೆರಪಿಸ್ಟ್ ಕೂಡ ತಾವು ಅರ್ಥಮಾಡಿಕೊಂಡದ್ದನ್ನು ಪತ್ರವಾಗಿ ಬರೆದುಕೊಡುತ್ತಾರೆ. ವರ್ಕ್‌ಬುಕ್ ಇದೆ, ಅದರ ಊಟ ತಿಂಡಿಯ ಉದಾಹರಣೆಗಳು ಅಲ್ಲಿಯವು. ಸ್ಯಾಂಡ್‌ವಿಚ್ ಇದ್ದಲ್ಲಿ ರೊಟ್ಟಿ ಪಲ್ಯ, ಶೇಂಗಾ ಚಟ್ನಿ, ಮುದ್ದೆ ಸಾರು ಬರೆದುಕೊಳ್ಳಬೇಕು.

ಎಸ್‌ಎಸ್‌ಸಿಎಂ, ಅಂದರೆ ತಜ್ಞರ ಬೆಂಬಲದ ಕ್ಲಿನಿಕಲ್ ನಿರ್ವಹಣೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ಬಂದದ್ದು. ಇದರ ಹುಟ್ಟೇ ಸ್ವಾರಸ್ಯ. 2005ರಲ್ಲಿ ಪ್ರಕಟವಾದ, 56 ಮಹಿಳೆಯರ ಅಧ್ಯಯನದಲ್ಲಿ ಸಿಬಿಟಿ ಮತ್ತು ಇನ್ನೊಂದು ಥೆರಪಿಯನ್ನು ಹೋಲಿಸಿ ನೋಡಲೆಂದು ಪಕ್ಕದಲ್ಲಿಟ್ಟ ‘ಸಾದಾ’ ಚಿಕಿತ್ಸೆ ಇದು. ಚಿಕಿತ್ಸೆಯ ಕೊನೆಯಲ್ಲಿ ಇದೇ ಮುಂದಿತ್ತು. ವರ್ಷಗಳ ನಂತರ ನೋಡಿದಾಗ ಮೂರರ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ವಾರಕ್ಕೊಂದರಂತೆ 20 ಅಥವಾ ಹೆಚ್ಚು ಸೆಷನ್. ಪ್ರತಿ ಸಲವೂ ಮೊದಲು ತೂಕ, ಊಟ, ಮೊದಲೇ ಪಟ್ಟಿ ಮಾಡಿಕೊಂಡ ಲಕ್ಷಣಗಳು, ಅವುಗಳ ಬಗ್ಗೆ ನೇರ ಸಲಹೆ. ಉಳಿದ ಸಮಯ ಕಾಯಿಲೆಯವರದ್ದು, ಪರೀಕ್ಷೆಯ ಚಿಂತೆಯೋ ಮದುವೆ ಮಾತುಕತೆಯೋ ಅವರು ಏನು ತಂದರೆ ಅದು. ದೋಸೆ ಪಟ್ಟಿಗೆ ಸೇರುತ್ತದೆ, ಮುಂದಿನ ವಾರ ವಿಚಾರಿಸುತ್ತಾರೆ, ಹಾಳೆ ತುಂಬಿಸುವ ಕೆಲಸವಿಲ್ಲ. ಕೆಡುವುದು ಎಲ್ಲಿ ಎಂದರೆ ‘ಬೆಂಬಲ’ ಎಂಬ ಮಾತನ್ನು ಬರೀ ಸಾಂತ್ವನ ಎಂದುಕೊಂಡಾಗ. ತೂಕ ನೋಡದೆ ಮುಕ್ಕಾಲು ಗಂಟೆ ಕಷ್ಟಸುಖ ಕೇಳಿ ಕಳಿಸಿದರೆ ಅದು ಎಸ್‌ಎಸ್‌ಸಿಎಂ ಅಲ್ಲ.

ನಾಲ್ಕನೆಯದು ಫೋಕಲ್ ಸೈಕೋಡೈನಮಿಕ್ ಥೆರಪಿ. 40 ವಾರದಲ್ಲಿ 40 ಸೆಷನ್‌ವರೆಗೆ. ಊಟ ಬೇಡವೆಂದ ಬಾಯಿಗೆ ಬೇರೆ ಎಲ್ಲಿ ಬೇಡವೆನ್ನಲು ಆಗುತ್ತಿಲ್ಲ, ಸಂಬಂಧಗಳಿಗೂ ಹಸಿವಿಗೂ ಗಂಟು ಎಲ್ಲಿ ಬಿದ್ದಿದೆ ಎಂದು ಹುಡುಕುವ ದಾರಿ. ತರಬೇತಿ ಪಡೆದವರು ಸಿಕ್ಕರೆ ಒಳ್ಳೆಯ ಆಯ್ಕೆ.

ಅಧ್ಯಯನಗಳನ್ನು ಓದುವಾಗ

2014ರಲ್ಲಿ ಜರ್ಮನಿಯ 10 ಕೇಂದ್ರಗಳ 242 ಮಹಿಳೆಯರಲ್ಲಿ ಫೋಕಲ್ ಥೆರಪಿ, ಸಿಬಿಟಿ-ಇ ಮತ್ತು ಸುಧಾರಿತ ಮಾಮೂಲಿ ಚಿಕಿತ್ಸೆಯನ್ನು 10 ತಿಂಗಳು ಹೋಲಿಸಿದ ವರದಿ ಬಂತು. ಮೂರರಲ್ಲೂ ತೂಕ ಏರಿತು. ಚಿಕಿತ್ಸೆ ಮುಗಿದಾಗ ವ್ಯತ್ಯಾಸವಿರಲಿಲ್ಲ, ಸರಾಸರಿ ಏರಿಕೆ ಬಿಎಂಐನಲ್ಲಿ (ಎತ್ತರಕ್ಕೆ ತಕ್ಕ ತೂಕದ ಅಳತೆ) 1 ಅಂಕ ಮುಟ್ಟಲಿಲ್ಲ. ಒಂದು ವರ್ಷದ ನಂತರ ಪೂರ್ತಿ ಚೇತರಿಸಿಕೊಂಡವರು ಮಾಮೂಲಿ ಚಿಕಿತ್ಸೆಯವರಿಗಿಂತ ಫೋಕಲ್ ಗುಂಪಿನಲ್ಲಿ ಹೆಚ್ಚಿದ್ದರು. ಗಮನಿಸಿ, ಆ ‘ಮಾಮೂಲಿ’ ಅಂದರೆ ಥೆರಪಿಯ ಜೊತೆಗೆ ಕುಟುಂಬ ವೈದ್ಯರು ಕ್ರಮವಾಗಿ ತೂಕ, ರಕ್ತ ನೋಡುವ ವ್ಯವಸ್ಥೆ. ಫಿಜಿಷಿಯನ್‌ನನ್ನು ಜೊತೆಗಿಟ್ಟುಕೊಳ್ಳಿ ಎಂದು ನಾವು ಇಷ್ಟು ಒತ್ತಿ ಹೇಳುವುದು ಇದಕ್ಕೇ.

2015ರಲ್ಲಿ ಬ್ರಿಟನ್ನಿನ 142 ಜನರಲ್ಲಿ ಮ್ಯಾಂಟ್ರಾ ಮತ್ತು ಎಸ್‌ಎಸ್‌ಸಿಎಂ ಸರಿಸಮ ಬಂದವು, ಆದರೆ ಮ್ಯಾಂಟ್ರಾ ಪಡೆದವರು ಚಿಕಿತ್ಸೆಯನ್ನು ಹೆಚ್ಚು ಮೆಚ್ಚಿಕೊಂಡಿದ್ದರು. 2017ರಲ್ಲಿ ಆಸ್ಟ್ರೇಲಿಯಾದ 120 ಜನರಲ್ಲಿ ಸಿಬಿಟಿ-ಇ, ಮ್ಯಾಂಟ್ರಾ, ಎಸ್‌ಎಸ್‌ಸಿಎಂ ಮೂರನ್ನೂ ಇಟ್ಟಾಗಲೂ ಅದೇ ಕತೆ. 2021ರಲ್ಲಿ 13 ಅಧ್ಯಯನಗಳ 1,047 ರೋಗಿಗಳ ಮಾಹಿತಿಯನ್ನು ಒಟ್ಟು ಜೋಡಿಸಿ ನೋಡಿದ ವಿಶ್ಲೇಷಣೆಯೂ ಯಾವ ಥೆರಪಿಯೂ ತಜ್ಞರ ಮಾಮೂಲಿ ಚಿಕಿತ್ಸೆಗಿಂತ ಖಚಿತವಾಗಿ ಮೇಲು ಎಂದು ಹೇಳಲಿಲ್ಲ.

ಇದನ್ನು ‘ಥೆರಪಿಯಿಂದ ಪ್ರಯೋಜನವಿಲ್ಲ’ ಎಂದು ಓದಿದರೆ ತಪ್ಪು. ಹೋಲಿಸಿದ್ದು ಚಿಕಿತ್ಸೆಯೇ ಇಲ್ಲದವರ ಜೊತೆಗಲ್ಲ, ಅನುಭವಸ್ಥರ ಒಳ್ಳೆಯ ಚಿಕಿತ್ಸೆಯ ಜೊತೆಗೆ. ಗುಂಪುಗಳೂ ಸಣ್ಣವು, ಸಣ್ಣ ವ್ಯತ್ಯಾಸ ಅವುಗಳಲ್ಲಿ ಕಾಣಿಸುವುದಿಲ್ಲ. ಇನ್ನೊಂದು ಅಂಶ, ಜರ್ಮನಿಯ ಅಧ್ಯಯನ ಸೇರಿಸಿಕೊಂಡದ್ದು ಬಿಎಂಐ 15ರಿಂದ 18.5ರ ನಡುವಿನವರನ್ನು. ಅದಕ್ಕಿಂತ ಇಳಿದವರಿಗೆ ಅದರ ಫಲಿತಾಂಶ ಹಿಡಿದು ‘ಹೊರರೋಗಿಯಾಗಿಯೇ ಸಾಕು’ ಎನ್ನಲಾಗದು.

ದಪ್ಪ ಆಗುವ ಭಯ ಇಲ್ಲದವರು

ನಮ್ಮ ಕಡೆ ಗಮನಿಸಲೇಬೇಕಾದ ಸಂಗತಿ ಇದು. ಅನೊರೆಕ್ಸಿಯಾ ಇದ್ದವರೆಲ್ಲ ‘ನಾನು ದಪ್ಪ’ ಅನ್ನುವುದಿಲ್ಲ. ‘ಹೊಟ್ಟೆ ಉಬ್ಬರ’, ‘ಉಂಡರೆ ಎದೆ ಮೇಲೆ ಕೂತಂಗಾಗುತ್ತೆ’, ‘ಹಸಿವೇ ಇಲ್ಲ’, ‘ಸೋಮವಾರ ಒಪ್ಪತ್ತು, ಶನಿವಾರ ಉಪವಾಸ’ ಅನ್ನುವವರೂ ಇದ್ದಾರೆ. ಇಂಥ ರೂಪ ಭಾರತ, ಹಾಂಗ್‌ಕಾಂಗ್‌ಗಳಿಂದ ದಶಕಗಳ ಹಿಂದೆಯೇ ವರದಿಯಾಗಿದೆ. ಆ ಉಬ್ಬರ ಸುಳ್ಳಲ್ಲ. ಉಪವಾಸದಲ್ಲಿ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಸ್ವಲ್ಪ ತಿಂದರೂ ತುಂಬಿದಂತಾಗುತ್ತದೆ. ಕ್ರಮವಾಗಿ ತಿನ್ನತೊಡಗಿದ ಮೇಲೆ ವಾರಗಳಲ್ಲಿ ತಗ್ಗುತ್ತದೆ. ‘ಸುಮ್ನೆ ನಾಟಕ’ ಎಂದವರ ಮೇಲೆ ನಂಬಿಕೆ ಹೋಗುತ್ತದೆ, ಹೋದದ್ದು ಬೇಗ ಬರುವುದಿಲ್ಲ.

ಇಂಥವರಿಗೆ ಮೈಕಟ್ಟಿನ ಚಿಂತೆಯನ್ನೇ ನಡುವಿಗಿಟ್ಟುಕೊಳ್ಳುವ ಸಿಬಿಟಿ-ಇಯ ಕೆಲವು ಭಾಗ ಹೊಂದುವುದಿಲ್ಲ. ಮ್ಯಾಂಟ್ರಾ ದಪ್ಪದ ಭಯವನ್ನು ಕಾಯಿಲೆಯ ಕೇಂದ್ರ ಎಂದು ಹಿಡಿಯುವುದಿಲ್ಲ, ಎಸ್‌ಎಸ್‌ಸಿಎಂ ಕೂಡ ಅದರ ಮೇಲೆ ನಿಂತಿಲ್ಲ. ಆದ್ದರಿಂದ ಹೊಟ್ಟೆಯ ದೂರನ್ನೇ ಹೇಳುವವರಿಗೆ ಇವೆರಡರಲ್ಲಿ ಒಂದನ್ನು ಮೊದಲು ಕೇಳಿ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಹೊಂದಿಸಿಕೊಳ್ಳುವುದು

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್‌ಎಸ್ ವೈದ್ಯಕೀಯ ಕಾಲೇಜು. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು. ಮನೋವೈದ್ಯರ ಓಪಿಡಿಯಿಂದ ಶುರುಮಾಡಲು ಇಷ್ಟು ಸಾಕು. ಅಲ್ಲಿಂದ ದಾರಿ ಎರಡು.

ಒಂದು, ಇಲ್ಲಿಯ ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್ ಸೇರಿ ಎಸ್‌ಎಸ್‌ಸಿಎಂ ಮಾದರಿಯಲ್ಲಿ ವಾರ ವಾರ ನೋಡುವುದು. ತೂಕ, ಊಟ, ಪಟ್ಟಿಯ ಲಕ್ಷಣ, ಆಮೇಲೆ ಮಾತು ಎಂಬ ಕ್ರಮವನ್ನು ಬಿಡದಿದ್ದರೆ ಇದನ್ನು ಕೆಳದರ್ಜೆ ಎನ್ನಲು ಅಧ್ಯಯನಗಳಲ್ಲಿ ಆಧಾರವಿಲ್ಲ. ಇನ್ನೊಂದು, ಬೆಂಗಳೂರಿನಲ್ಲಿ, ನಿಮ್ಹಾನ್ಸ್‌ನಲ್ಲೋ ಬೇರೆಡೆಯೋ, ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ, ಈ ಕಾಯಿಲೆಯ ಥೆರಪಿ ಬಲ್ಲವರಿಂದ ವಿಡಿಯೋದಲ್ಲಿ ಸೆಷನ್ ಪಡೆಯುವುದು. ಆಗ ತೂಕ, ನಾಡಿ, ಬಿಪಿಯನ್ನು ಇಲ್ಲಿಯ ಫಿಜಿಷಿಯನ್ ವಾರಕ್ಕೊಮ್ಮೆ ನೋಡಿ ಅದೇ ದಿನ ಥೆರಪಿಸ್ಟ್‌ಗೆ ತಿಳಿಸಬೇಕು. ಈ ಕೊಂಡಿ ಇಲ್ಲದ ವಿಡಿಯೋ ಥೆರಪಿ ಒಪ್ಪಿಕೊಳ್ಳಬೇಡಿ. ಪರದೆಯಲ್ಲಿ ಮುಖ ಕಾಣುತ್ತದೆ, ಪೊಟ್ಯಾಸಿಯಂ ಕಾಣುವುದಿಲ್ಲ. ಮನೆಯಲ್ಲಿ ಎಲ್ಲರೂ ಕೇಳುವಂತಿದ್ದರೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಇಯರ್‌ಫೋನ್, ಆ ಒಂದು ಗಂಟೆ ಯಾರೂ ತಟ್ಟಬಾರದೆಂಬ ಒಪ್ಪಂದ ಬೇಕು.

ಜಗಳೂರು, ಮೊಳಕಾಲ್ಮೂರು, ಹೊಸದುರ್ಗದಂಥ ಕಡೆಯವರು ಆರಿಸುವಾಗ ಬಸ್ಸಿನ ಲೆಕ್ಕವನ್ನೂ ಹಾಕಿ. 40 ಸೆಷನ್ ಅಂದರೆ 40 ದಿನ ಕೆಲಸವೋ ಕಾಲೇಜೋ ತಪ್ಪುತ್ತದೆ, ಜೊತೆಗೆ ಬರುವವರದ್ದೂ. ಹನ್ನೆರಡಕ್ಕೇ ನಿಂತ 40ರ ಥೆರಪಿಗಿಂತ ಪೂರ್ತಿಯಾದ 20ರದ್ದು ಲೇಸು.

ಥೆರಪಿಸ್ಟ್‌ಗೆ ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ? ಅನೊರೆಕ್ಸಿಯಾ ಇರುವವರನ್ನು ಮೊದಲು ನೋಡಿದ್ದೀರಾ? ಯಾವ ಮಾದರಿ, ಎಷ್ಟು ಸೆಷನ್? ತೂಕ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಇಳಿದರೆ ಯಾವ ಹಂತದಲ್ಲಿ ಆಸ್ಪತ್ರೆಗೆ ಕಳಿಸುತ್ತೀರಿ? ‘ತೂಕ ಮುಖ್ಯ ಅಲ್ಲ, ಮನಸ್ಸು ಸರಿಯಾದರೆ ಊಟ ತಾನೇ ಸರಿಹೋಗುತ್ತೆ’ ಎಂದರೆ ಬೇರೆಯವರನ್ನು ನೋಡಿ. ಉಪವಾಸವೇ ಮನಸ್ಸನ್ನು ಕೆಡಿಸುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರ ಊಟ ತಗ್ಗಿಸಿ ನೋಡಿದಾಗ ಅವರಿಗೂ ಹಗಲಿರುಳು ಊಟದ್ದೇ ಧ್ಯಾನ, ಮಂಕು, ಸಿಡಿಮಿಡಿ, ತಿನ್ನುವುದರಲ್ಲಿ ವಿಚಿತ್ರ ಕ್ರಮಗಳು ಶುರುವಾದವು. ಹೊಟ್ಟೆಗೆ ಬೀಳದೆ ಮಾತು ತಲೆಗೆ ಇಳಿಯುವುದಿಲ್ಲ.

ಕೆಡುವ ಜಾಗಗಳು

ಮಾತ್ರೆಯೊಂದನ್ನೇ ನಂಬುವುದು. ಖಿನ್ನತೆಗೆ, ಆತಂಕಕ್ಕೆ ವೈದ್ಯರು ಔಷಧಿ ಕೊಡಬಹುದು, ಆದರೆ ಔಷಧಿಯೊಂದೇ ಅನೊರೆಕ್ಸಿಯಾದ ಚಿಕಿತ್ಸೆಯಲ್ಲ. ಡಯಟಿಷಿಯನ್ ಚಾರ್ಟ್ ಒಂದೇ ಆದರೂ ಅಷ್ಟೇ. ಯೋಗವನ್ನು ಈ ಕಾಯಿಲೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದು ನೈಸ್ ಸ್ಪಷ್ಟವಾಗಿ ಹೇಳಿದೆ.

ಮುಟ್ಟು ಬರಲೆಂದು ಹಾರ್ಮೋನ್ ಮಾತ್ರೆ ಕೊಟ್ಟಾಗ ರಕ್ತಸ್ರಾವ ಆಗುತ್ತದೆ, ಮನೆಯವರು ‘ಸರಿಹೋಯ್ತು’ ಅಂದುಕೊಳ್ಳುತ್ತಾರೆ. ಅದು ಮಾತ್ರೆ ತರಿಸಿದ ಸ್ರಾವ. ದೇಹ ಚೇತರಿಸಿಕೊಂಡ ಗುರುತಲ್ಲ, ಸವೆಯುತ್ತಿರುವ ಮೂಳೆಗೂ ಅದರಿಂದ ರಕ್ಷಣೆಯಿಲ್ಲ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತು ಬಂದರೆ ಥೆರಪಿಸ್ಟ್‌ರಿಂದಲೇ ಮನೆಯವರಿಗೆ ಹೇಳಿಸಿ. ಹೊಸ ಮನೆ, ಹೊಸ ಅಡುಗೆ, ಎಲ್ಲರ ಕಣ್ಣು ತಟ್ಟೆಯ ಮೇಲೆ. ಈ ಕಾಯಿಲೆಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಹಬ್ಬ, ಉಪವಾಸಗಳನ್ನು ಕ್ಯಾಲೆಂಡರ್ ನೋಡಿ ಮೊದಲೇ ಮಾತಾಡಿಕೊಳ್ಳಬೇಕು. ಶ್ರಾವಣ ಬಂದಾಗ, ಶಿವರಾತ್ರಿಯಲ್ಲಿ, ರಂಜಾನ್‌ನಲ್ಲಿ ಕಾಯಿಲೆ ವ್ರತದ ಹಿಂದೆ ಅಡಗಿಕೊಳ್ಳುತ್ತದೆ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಮನೆಯ ಹಿರಿಯರೋ ಗುರುಗಳೋ ಬಾಯಿಬಿಟ್ಟು ಹೇಳಿದರೆ ಅದಕ್ಕೆ ವೈದ್ಯರ ಮಾತಿಗಿಂತ ತೂಕ. ಜಾತ್ರೆ, ಮದುವೆಯ ಪಂಕ್ತಿಗಳಲ್ಲಿ ‘ಎಷ್ಟು ಸೊರಗಿದ್ದೀಯ’ ಎನ್ನುವವರೂ ‘ಈಗ ಸ್ವಲ್ಪ ಮೈ ಬಂತು ನೋಡು’ ಎನ್ನುವವರೂ ಸಮಾನವಾಗಿ ಹಾನಿ ಮಾಡುತ್ತಾರೆ, ಎರಡನೆಯವರು ತುಸು ಹೆಚ್ಚು. ನೆಂಟರಿಗೆ ಮೊದಲೇ ಫೋನ್ ಮಾಡಿ ಮೈ ಬಗ್ಗೆ ಮಾತೆತ್ತಬೇಡಿ ಎಂದು ಹೇಳುವ ಕೆಲಸ ಮನೆಯಲ್ಲಿ ಒಬ್ಬರದ್ದಾಗಲಿ. ಊಟದ ಹೊತ್ತಿನಲ್ಲಿ ವಾದ, ಬೈಗುಳ, ಆಣೆ ಬೇಡ. ಪಕ್ಕದಲ್ಲಿ ಕೂತು ನೀವೂ ಉಣ್ಣಿ, ಬೇರೆ ಮಾತಾಡಿ.

ಕಾಯಿಲೆಯವರು ವಯಸ್ಕರು ಎಂಬುದನ್ನು ಮರೆಯಬಾರದು. ಸೆಷನ್ನಿನಲ್ಲಿ ಆಡಿದ್ದನ್ನು ಮನೆಯವರಿಗೆ ತಿಳಿಸಲು ಅವರ ಒಪ್ಪಿಗೆ ಬೇಕು, ಜೀವಕ್ಕೆ ಅಪಾಯವಿದ್ದಾಗಿನ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತಮಗೆ ಬೇಕಾದವರನ್ನು, ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯಾಗಿ ಅವರು ಬರೆದುಕೊಡಬಹುದು. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ, ಅಕ್ಕನೋ ಗೆಳತಿಯೋ ಆಗಬಹುದು. ಚೆನ್ನಾಗಿರುವಾಗಲೇ ಬರೆಸಿಟ್ಟರೆ ಆಸ್ಪತ್ರೆಯ ಬಾಗಿಲಲ್ಲಿ ಜಗಳ ಇರುವುದಿಲ್ಲ.

ಬದಲಿಸುವುದು ಯಾವಾಗ

ಮೂರು ಸೆಷನ್ನಿಗೆ ‘ಏನೂ ಆಗಲಿಲ್ಲ’ ಎಂದು ಬದಲಿಸುವುದೂ ತಪ್ಪು, ತೂಕ ಇಳಿಯುತ್ತಿದ್ದರೂ ವರ್ಷಪೂರ್ತಿ ಅದರಲ್ಲೇ ಇರುವುದೂ ತಪ್ಪು. ಶುರುವಿನ 4ರಿಂದ 6 ವಾರದಲ್ಲಿ ಊಟದಲ್ಲಿ, ತೂಕದಲ್ಲಿ ಸ್ವಲ್ಪವಾದರೂ ಚಲನೆ ಕಂಡವರಿಗೆ ಮುಂದೆ ಫಲ ಹೆಚ್ಚು. ಆದ್ದರಿಂದ ಆ ಹೊತ್ತಿಗೆ ಒಂದು ಪರಿಶೀಲನಾ ಸೆಷನ್ ಇರಲಿ. ಚಲನೆ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಥೆರಪಿ ನಿಜವಾಗಿ ನಡೆಯುತ್ತಿದೆಯೇ ಎಂದು: ಹಾಳೆ ಬರೆದಿದ್ದಾರಾ, ತಪ್ಪಿದ ಸೆಷನ್ ಎಷ್ಟು, ಮನೆಯಲ್ಲಿ ತಿಂಡಿಯ ಹೊತ್ತು ಇದೆಯಾ, ಗುಟ್ಟಾಗಿ ವ್ಯಾಯಾಮ ನಡೆದಿದೆಯಾ. ಅದು ಸರಿಯಿದ್ದೂ ಇಳಿಯುತ್ತಿದ್ದರೆ ಇನ್ನೊಂದು ಹೊರರೋಗಿ ಥೆರಪಿಗೆ ಹಾರುವುದಕ್ಕಿಂತ ಒಳರೋಗಿ ಚಿಕಿತ್ಸೆಯ ಮಾತು ಮೊದಲು. ಇಳಿಯದೆ ನಿಂತಿದ್ದರೆ, ಥೆರಪಿಸ್ಟ್ ಜೊತೆ ಮಾತಾಡಿ ಮಾದರಿ ಬದಲಿಸಬಹುದು.

ತೂಕ ಮೊದಲು ಬರುತ್ತದೆ, ತಲೆಯೊಳಗಿನ ಗಲಾಟೆ ತಿಂಗಳುಗಟ್ಟಲೆ ತಡವಾಗಿ ತಣ್ಣಗಾಗುತ್ತದೆ. ಮೈ ತುಂಬಿದ ಕೂಡಲೇ ನಿಲ್ಲಿಸಿದವರು ಮತ್ತೆ ಜಾರುವುದು ಈ ನಡುವಿನ ಅವಧಿಯಲ್ಲೇ. ಕೊನೆಯ ಸೆಷನ್‌ಗಳಲ್ಲಿ ಒಂದು ಹಾಳೆ ಬರೆಸಿಕೊಳ್ಳಿ. ಜಾರುವ ಮೊದಲ ಗುರುತುಗಳು ಆಯಾ ವ್ಯಕ್ತಿಯ ಮಾತಿನಲ್ಲೇ ಇರಲಿ: ‘ಬೆಳಗ್ಗಿನ ತಿಂಡಿ ತಳ್ಳುತ್ತೇನೆ’, ‘ಒಬ್ಬಳೇ ಉಣ್ಣುತ್ತೇನೆ’, ‘ದಿನಕ್ಕೆರಡು ಸಲ ತೂಕ ನೋಡುತ್ತೇನೆ’. ಯಾವ ತೂಕಕ್ಕೆ ಇಳಿದರೆ ಫಿಜಿಷಿಯನ್, ಯಾವುದಕ್ಕೆ ಮನೋವೈದ್ಯರು, ಅವರ ಫೋನ್ ನಂಬರು, ಕೊನೆಯಲ್ಲಿ 14416. ಒಂದು ಪ್ರತಿ ಅವರ ಬಳಿ, ಇನ್ನೊಂದು ಅವರು ಆರಿಸಿದವರ ಬಳಿ ಇರಲಿ.